ಅವಳನ್ನೂ ಕರೆದುಕೊಂಡು ಬನ್ನಿ

(ಬಸರಾಳಿನಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬಸರಾಳು ನನಗೆ ಹೊಸ ಊರಲ್ಲ. ನನ್ನ ತವರು ಇಲ್ಲಿಂದ ಏಳೆಂಟು ಮೈಲಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಇಲ್ಲಿಯ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಕರೆತರುತ್ತಿದ್ದೆ. ಹೊಯ್ಸಳರ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ್ದು ಎಂದು ಹೇಳಿಕೊಡುತ್ತಿದ್ದೆ. ಎಂಟುನೂರು ವರ್ಷದ ಹಿಂದಿನ ಲೆಕ್ಕ ನನಗೆ ಬಾಯಿಗೆ ಬರುತ್ತಿತ್ತು. ನನ್ನ ಮನೆಯೊಳಗಿದ್ದ ಒಂದು ಹೆಣ್ಣು ಜೀವದ ಲೆಕ್ಕ ಮಾತ್ರ ತಪ್ಪಿಹೋಗಿತ್ತು. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದಕ್ಕೇ ಇವತ್ತು ಬಂದಿದ್ದೇನೆ. ನಾನು ಡಾಕ್ಟರಲ್ಲ. ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ಹೇಳುತ್ತೇನೆ.

ಸಭೆ ಶುರುವಾಗುವ ಮೊದಲು ನಿಮ್ಮ ಸಂಘದ ಪುಸ್ತಕ ನೋಡಿದೆ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ, ಎಲ್ಲವೂ ವಾರವಾರ ಬರೆದಿದೆ. ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ಆಮೇಲೆ ನಿಮ್ಮನ್ನು ಒಂದು ಮಾತು ಕೇಳಿದೆ: ಗರ್ಭಕೋಶದ ಬಾಯಿಯನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ಎಷ್ಟು ಜನ? ಇಷ್ಟು ದೊಡ್ಡ ಸಭೆಯಲ್ಲಿ ಮೂರು ಕೈ ಎದ್ದವು. ಅವೂ ಅರ್ಧ ಎದ್ದು ಸೆರಗಿನೊಳಗೆ ಹೋದವು. ನಾಚಿಕೆಪಡಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಸಿಗಲಿಲ್ಲ, ಶೇಕಡ 1.9 ಮಾತ್ರ.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ.

ನನಗೂ ಅವಳಿಗೂ ಹನ್ನೆರಡು ವರ್ಷ ಅಂತರ. ಹುಟ್ಟಿದಾಗ ತಡವಾಗಿ ಅತ್ತಳಂತೆ. ನಡೆದದ್ದು ತಡ, ಮಾತು ಬಂದದ್ದು ತಡ. ಸ್ಕೂಲಿನಲ್ಲಿ ಎರಡನೇ ಕ್ಲಾಸು ದಾಟಲಿಲ್ಲ. ಊರಿನವರು ಪೆದ್ದಿ ಎಂದರು. ಸ್ವಲ್ಪ ಓದಿದವರು ಬುದ್ಧಿಮಾಂದ್ಯೆ ಎಂದರು. ಈಗ ಬೌದ್ಧಿಕ ವೈಕಲ್ಯ, ಬೆಳವಣಿಗೆಯ ವೈಕಲ್ಯ ಎನ್ನುತ್ತಾರೆ. ಹೆಸರು ಏನೇ ಇರಲಿ, ರಾಗಿ ಬೀಸುವುದು, ದನ ಕಟ್ಟುವುದು, ಮನೆ ಸಾರಿಸುವುದು ಎಲ್ಲ ಅವಳಿಗೆ ಬರುತ್ತಿತ್ತು. ದುಡ್ಡಿನ ಲೆಕ್ಕ ಬರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಿದ್ದಳು.

1990ರಲ್ಲಿ, ಅವಳಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ನಮ್ಮಪ್ಪ ಅವಳಿಗೆ ಮದುವೆ ಮಾಡಿದರು. "ಹುಡುಗಿ ಒಸಿ ಮೆದು, ಅದ್ಕೆ ಕೈ ಒಸಿ ಬಿಗಿ ಮಾಡ್ಬೇಕಾಯ್ತದೆ" ಎಂದು ದಲ್ಲಾಳಿ ಹೇಳಿದ. ಅರ್ಧ ಎಕರೆ ಗದ್ದೆ ಮಾರಿ ನಗದು, ಒಡವೆ ಕೊಟ್ಟರು. ಗಟ್ಟಿಮುಟ್ಟಾದ ಹೆಣ್ಣಿಗೆ ಒಂದು ರೇಟು, ಕುಂದು ಇರುವ ಹೆಣ್ಣಿಗೆ ಇನ್ನೊಂದು ರೇಟು. ವರದಕ್ಷಿಣೆಯ ಸಂತೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವ್ಯಾಪಾರ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿತ್ತು. ಆ ಕಾಯಿದೆಯ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡುತ್ತಿದ್ದ ನಾನು ಆ ಮದುವೆಯಲ್ಲಿ ಧಾರೆಗೆ ನೀರು ಬಿಡುವಾಗ ಪಕ್ಕದಲ್ಲಿ ನಿಂತಿದ್ದೆ.

ಮೂರು ವರ್ಷಕ್ಕೆ ಅವಳನ್ನು ತಂದು ಬಿಟ್ಟರು. ಒಡವೆ ಬರಲಿಲ್ಲ. ಮುಂಗೈ ಮೇಲೆ ಸುಟ್ಟ ಗಾಯ ಬಂತು. "ಒಲೆ ಮುಂದೆ ಬಿದ್ಲು" ಎಂದರು. ಅವ್ವ ಬಾಗಿಲು ಹಾಕಿಕೊಂಡು ಅತ್ತಳು. ಅಪ್ಪ ಪಂಚಾಯ್ತಿಗೆ ಹೋಗಲಿಲ್ಲ, ಮರ್ಯಾದೆಗೆ ಅಂಜಿದರು. ಅಲ್ಲಿಗೆ ಆ ಮದುವೆಯ ಮಾತು ನಮ್ಮ ಮನೆಯಲ್ಲಿ ಮುಗಿಯಿತು. ಎಷ್ಟರಮಟ್ಟಿಗೆ ಎಂದರೆ, ಅವಳಿಗೆ ಮದುವೆಯಾಗಿತ್ತು ಎಂಬುದನ್ನೇ ನಾವೆಲ್ಲ ಮರೆತೆವು.

1994ರಲ್ಲಿ ಇನ್ನೊಂದು ನಡೆಯಿತು. ಮುಟ್ಟಿನ ದಿನಗಳಲ್ಲಿ ಅವಳನ್ನು ನೋಡಿಕೊಳ್ಳುವುದು ಅವ್ವನಿಗೆ ಕಷ್ಟವಾಗುತ್ತಿತ್ತು. ಒಬ್ಬ ಡಾಕ್ಟರು "ಗರ್ಭಕೋಶ ತೆಗೆಸಿಬಿಡಿ, ರಗಳೆ ಇರೋದಿಲ್ಲ" ಎಂದರು. ಅವ್ವ ಒಪ್ಪಿಯೂ ಬಿಟ್ಟಿದ್ದಳು. ಅದೇ ವರ್ಷ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹುಡುಗಿಯರನ್ನು ಪುಣೆಗೆ ಕರೆದೊಯ್ದು ಗರ್ಭಕೋಶ ತೆಗೆಸಿದ ಸುದ್ದಿ ಬಂತು. ಮಹಿಳಾ ಸಂಘಟನೆಗಳು ಬೀದಿಗಿಳಿದವು. ಮುಟ್ಟಿನ ಬಟ್ಟೆ ಒಗೆಯುವುದಕ್ಕೆ ಜನ ಸಾಲದೆಂದು ಅಂಗವನ್ನೇ ಕೊಯ್ಯುವುದು ಯಾವ ನ್ಯಾಯ ಎಂದು ಕೇಳಿದವು. ಆ ಪತ್ರಿಕೆ ಹಿಡಿದುಕೊಂಡು ಊರಿಗೆ ಓಡಿ ಬಂದೆ. ಅವ್ವನ ಜೊತೆ ಜಗಳವಾಡಿ ಆಪರೇಷನ್ ನಿಲ್ಲಿಸಿದೆ. ಅವತ್ತು ಗೆದ್ದೆ ಎಂದುಕೊಂಡೆ. ಗರ್ಭಕೋಶ ತೆಗೆಸಬೇಡಿ ಎಂದು ಜಗಳವಾಡಿದವಳು ನಾನೇ. ಆಮೇಲೆ ಇಪ್ಪತ್ಮೂರು ವರ್ಷ ಆ ಗರ್ಭಕೋಶ ಹೇಗಿದೆ ಎಂದು ಒಂದು ಸಲವೂ ಕೇಳದವಳೂ ನಾನೇ.

ಮುಂದಿನದನ್ನು ಹೇಳುವ ಮೊದಲು ಈ ಕಾಯಿಲೆ ಏನು ಎಂಬುದನ್ನು ತಿಳಿಯೋಣ.

ಗರ್ಭಕೋಶವನ್ನು ಬೋರಲು ಹಾಕಿದ ಚೊಂಬು ಎಂದುಕೊಳ್ಳಿ. ಚೊಂಬಿನ ಕಂಠ ಕೆಳಗೆ ಯೋನಿಯ ಒಳಗೆ ಇಳಿದಿರುತ್ತದೆ. ಅದೇ ಗರ್ಭಕೊರಳು. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್ಸು. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ವೈರಸ್ಸು ಹರಡುವುದು ಲೈಂಗಿಕ ಸಂಪರ್ಕದಿಂದ. ಇದರಲ್ಲಿ ನೂರಾರು ಬಗೆಗಳಿದ್ದರೂ 16 ಮತ್ತು 18 ಎಂಬ ಎರಡು ಬಗೆಗಳಿಂದಲೇ ನೂರರಲ್ಲಿ ಸುಮಾರು ಎಪ್ಪತ್ತು ಗರ್ಭಕೊರಳಿನ ಕ್ಯಾನ್ಸರು ಬರುತ್ತದೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ವೈರಸ್ಸು ಬಂದವಳು ನಡತೆಗೆಟ್ಟವಳಲ್ಲ. ಸಂಸಾರ ಮಾಡಿದ ಹೆಂಗಸರಲ್ಲಿ, ಗಂಡಸರಲ್ಲಿ ಹೆಚ್ಚಿನವರಿಗೆ ಯಾವುದೋ ಒಂದು ಕಾಲದಲ್ಲಿ ಇದು ತಗುಲಿರುತ್ತದೆ. ಗಂಡನೊಬ್ಬನನ್ನು ಬಿಟ್ಟು ಬೇರೆಯವರ ನೆರಳು ಸೋಕದ ಹೆಣ್ಣಿಗೂ ಗಂಡನಿಂದಲೇ ಬರಬಹುದು. ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ನಿಂತು ಕೊರಳಿನ ಚರ್ಮವನ್ನು ನಿಧಾನವಾಗಿ ಕೆಡಿಸುತ್ತದೆ. ಚಿಕ್ಕ ವಯಸ್ಸಿನಲ್ಲಿ ಮದುವೆಯಾದವರಿಗೆ, ಮೇಲಿಂದ ಮೇಲೆ ಹೆತ್ತವರಿಗೆ, ಬೀಡಿ ಸಿಗರೇಟಿನ ಚಟ ಇರುವವರಿಗೆ, ಎಚ್‌ಐವಿ ಇರುವವರಿಗೆ ಅಪಾಯ ಹೆಚ್ಚು. ಚಿಕ್ಕ ವಯಸ್ಸಿಗೆ ಮದುವೆ ಮಾಡಿದವರು ಯಾರು, ಮೇಲಿಂದ ಮೇಲೆ ಹೆರಿಸಿದವರು ಯಾರು ಎಂದು ಕೇಳಿದರೆ ಈ ಕಾಯಿಲೆಯೂ ನಮ್ಮ ಸಂಘಟನೆಯ ವಿಷಯವೇ ಎಂದು ತಿಳಿಯುತ್ತದೆ.

ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರು ಹೊಸದಾಗಿ ಬಂತೆಂದೂ ಸುಮಾರು 80,000 ಹೆಂಗಸರು ಸತ್ತರೆಂದೂ ಅಂದಾಜು. ಗಂಟೆಗೆ ಒಂಬತ್ತು ಜನ. ನಾವು ಇಲ್ಲಿ ಎರಡು ಗಂಟೆ ಕೂತು ಎದ್ದು ಹೋಗುವಷ್ಟರಲ್ಲಿ ಹದಿನೆಂಟು ಮನೆಗಳಲ್ಲಿ ದೀಪ ಆರಿರುತ್ತದೆ. ಅದೇ ವರ್ಷ ಪೊಲೀಸ್ ಲೆಕ್ಕಕ್ಕೆ ಬಂದ ವರದಕ್ಷಿಣೆ ಸಾವುಗಳು ಸುಮಾರು 6,500. ಯಾವುದು ದೊಡ್ಡದು ಎಂದು ತೂಗುವುದಕ್ಕೆ ಇದನ್ನು ಹೇಳಲಿಲ್ಲ. ಬೆಂಕಿ ಹಚ್ಚಿದಾಗ ಊರು ಸೇರುತ್ತದೆ. ಒಳಗೊಳಗೇ ಕೊಳೆತು ಸಾಯುವವಳಿಗಾಗಿ ಯಾರೂ ಸೇರುವುದಿಲ್ಲ. ಅದಕ್ಕೆ ಹೇಳಿದೆ.

ಒಂದು ಸಮಾಧಾನದ ಸಂಗತಿ ಇದೆ. ವೈರಸ್ಸು ತಗುಲಿದ ಮೇಲೆ ಕ್ಯಾನ್ಸರು ಆಗುವುದಕ್ಕೆ ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಬೇಕು. ಇಷ್ಟು ಪುರಸೊತ್ತು ಕೊಡುವ ಕ್ಯಾನ್ಸರು ಬೇರೆ ಅಪರೂಪ. ಆ ಪುರಸೊತ್ತಿನಲ್ಲಿ ಪರೀಕ್ಷೆ ಮಾಡಿದರೆ ಕ್ಯಾನ್ಸರು ಆಗುವ ಮೊದಲೇ ಹಿಡಿಯಬಹುದು. ಆದರೆ ಆ ಹಂತದಲ್ಲಿ ನೋವಿಲ್ಲ, ರಕ್ತವಿಲ್ಲ, ಯಾವ ಸೂಚನೆಯೂ ಇಲ್ಲ. "ನಂಗೇನಾಗಿದೆ ಕಣವ್ವ, ಗುಂಡ್ಕಲ್ಲಂಗಿದೀನಿ" ಎನ್ನುವವಳೇ ಪರೀಕ್ಷೆಗೆ ಹೋಗಬೇಕಾದವಳು. ಕೂಡಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಕೆಟ್ಟ ವಾಸನೆಯ ಸೆರಗು, ಬಿಡದ ಸೊಂಟನೋವು, ಇವು ಕಂಡರೆ ಪರೀಕ್ಷೆಯ ಸರದಿ ಕಾಯಬಾರದು, ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕು.

ಪರೀಕ್ಷೆ ಹೇಗಿರುತ್ತದೆ? ಹೆದರಿಕೆ ಹುಟ್ಟುವುದು ಗೊತ್ತಿಲ್ಲದ್ದರಿಂದ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮಂಚದ ಮೇಲೆ ಮಂಡಿ ಮಡಿಚಿ ಮಲಗಬೇಕು. ಮೇಲೆ ಬಟ್ಟೆ ಹೊದಿಸುತ್ತಾರೆ. ಬಾತುಕೋಳಿಯ ಕೊಕ್ಕಿನಂಥ ಒಂದು ಸಲಕರಣೆಯನ್ನು ಒಳಗಿಟ್ಟು ಗರ್ಭಕೊರಳು ಕಾಣುವಂತೆ ಮಾಡುತ್ತಾರೆ. ತೆಳುವಾದ ವಿನೆಗರ್, ಅಂದರೆ 3ರಿಂದ 5 ಶೇಕಡದ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಅಷ್ಟೇ. ಒಂದಿಷ್ಟು ಉರಿ, ಒಂದಿಷ್ಟು ಬಿಗಿತ ಇರಬಹುದು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ, ಇನ್ನೊಂದು ದಿನದ ಕೂಲಿ ಕಳೆಯಬೇಕಾಗಿಲ್ಲ. ಬಿಳಿ ಮಚ್ಚೆ ಕಂಡಿತು ಎಂದರೆ ಕ್ಯಾನ್ಸರು ಎಂದಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಬೇಕು ಎಂದಷ್ಟೇ ಅರ್ಥ. ಮುಟ್ಟು ನಿಂತವರಲ್ಲಿ ಆ ಜಾಗ ಒಳಗೆ ಸರಿದು ಕಣ್ಣಿಗೆ ಕಾಣದಿರಬಹುದು. ಅವರು ಕೊರಳಿನ ಮೇಲಿನ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನೋ ಎಚ್‌ಪಿವಿ ಪರೀಕ್ಷೆಯನ್ನೋ ಕೇಳಬೇಕು.

ಇದು ಕೆಲಸಕ್ಕೆ ಬರುತ್ತದೆಯೇ? ಬರುತ್ತದೆ ಎಂದು ನಮ್ಮ ನೆರೆಯಲ್ಲೇ ಗೊತ್ತಾಗಿದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ವಿನೆಗರ್ ಪರೀಕ್ಷೆ ಒಮ್ಮೆ ಮಾಡಿದ್ದಕ್ಕೇ ಸಾವು ಶೇಕಡ 35ರಷ್ಟು ಕಡಿಮೆಯಾಯಿತು ಎಂದು 2007ರಲ್ಲಿ ವರದಿಯಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಡಾಕ್ಟರಲ್ಲದ ಹೆಂಗಸರಿಗೆ ತರಬೇತಿ ಕೊಟ್ಟು ಇದೇ ಪರೀಕ್ಷೆ ಮಾಡಿಸಿದಾಗ ಸಾವು ಶೇಕಡ 31ರಷ್ಟು ಇಳಿಯಿತು. ನಮ್ಮ ಗಡಿಯಾಚೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಎಂದು 2009ರಲ್ಲಿ ತಿಳಿಯಿತು. ಈ ಅಧ್ಯಯನಗಳಲ್ಲಿ ಹೋಲಿಸಿ ನೋಡಲೆಂದು ಒಂದೊಂದು ಗುಂಪಿನ ಹೆಂಗಸರನ್ನು ಪರೀಕ್ಷೆ ಮಾಡದೆ ಬಿಟ್ಟಿದ್ದರು. ಅದು ಸರಿಯೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಏಳಬೇಕಾದ ಪ್ರಶ್ನೆಯೇ. ಈ ತಿಳಿವಳಿಕೆಗೆ ಬಡ ಹೆಂಗಸರು ಜೀವದ ಬೆಲೆ ಕೊಟ್ಟಿದ್ದಾರೆ. ಅದನ್ನು ಬಳಸದೆ ಕಪಾಟಿನಲ್ಲಿಡುವುದು ಇನ್ನೂ ದೊಡ್ಡ ಅನ್ಯಾಯ.

ಕೇಂದ್ರ ಸರ್ಕಾರ 2016ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಪ್ರತಿ ಹೆಣ್ಣಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಎಚ್‌ಐವಿ ಇರುವವರಿಗೆ ಇನ್ನೂ ಮುಂಚೆ, ಇನ್ನೂ ಬೇಗಬೇಗ. ಆದ್ದರಿಂದ ಆಶಾ ಕಾರ್ಯಕರ್ತೆಯ ಹತ್ತಿರ, ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ತಿರ ನೀವು ಭಿಕ್ಷೆ ಕೇಳುತ್ತಿಲ್ಲ, ಹಕ್ಕು ಕೇಳುತ್ತಿದ್ದೀರಿ. 2023ರಲ್ಲಿ ನಮ್ಮದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಬಯಲಿಗೆ ಬಂತು. ಹೆಣ್ಣನ್ನು ಕೊಲ್ಲುವ ಯಂತ್ರ ಕಬ್ಬಿನ ಗದ್ದೆಯ ನಡುವಿನ ಆಲೆಮನೆಗೂ ಬಂತು. ಹೆಣ್ಣನ್ನು ಉಳಿಸುವ ಒಂದು ಬಾಟಲಿ ವಿನೆಗರ್ ಮಾತ್ರ ಹಳ್ಳಿಯ ಹೆಣ್ಣಿನ ತನಕ ಬರುವುದಿಲ್ಲ ಎಂದರೆ ನಾವು ಒಪ್ಪಬೇಕೆ?

ಈಗ ತಂಗಿಯ ವಿಷಯದ ಉಳಿದ ಭಾಗ.

2017ರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಇದೇ ಕ್ಯಾನ್ಸರಿನಿಂದ ತೀರಿಕೊಂಡರು. ಎಂ.ಎ. ಓದಿದವರು, ಸಂಬಳ ಇದ್ದವರು. ಒಂದು ವರ್ಷ ರಕ್ತ ಹೋಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ನಾನು ಹೆದರಿ ಪರೀಕ್ಷೆಗೆ ಹೋದೆ. ಅಪ್ಪ ಅವ್ವ ಹೋದ ಮೇಲೆ ತಂಗಿ ನನ್ನ ಜೊತೆಯಲ್ಲೇ ಇದ್ದಳು. ಒಬ್ಬಳನ್ನೇ ಬಿಡುವಂತಿರಲಿಲ್ಲವಾದ್ದರಿಂದ ಜೊತೆಗೆ ಕರೆದುಕೊಂಡು ಹೋಗಿದ್ದೆ. ನನ್ನದು ಮುಗಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಆ ನರ್ಸಮ್ಮ ಕೇಳಿದರು: "ಮೇಡಂ, ಇವರಿಗೆ?"

"ಇವಳಿಗೆ ಯಾಕಮ್ಮ? ಇವಳು ಹೀಗೆ" ಎಂದೆ.

"ಇವರಿಗೆ ಮದುವೆ ಆಗಿರಲಿಲ್ವಾ?"

ನನಗೆ ಮಾತು ಹೊರಡಲಿಲ್ಲ. ಮೂರು ವರ್ಷ ಸಂಸಾರ ಮಾಡಿದ ಹೆಣ್ಣು ಅವಳು. ನಲವತ್ತಾರು ವರ್ಷ ವಯಸ್ಸು. ನಾನು ಅವಳನ್ನು ಹೆಣ್ಣೆಂದೇ ಎಣಿಸಿರಲಿಲ್ಲ. ಮಗು ಎಂದುಕೊಂಡಿದ್ದೆ. ಪ್ರೀತಿಯಿಂದಲೇ ಅಂದುಕೊಂಡಿದ್ದೆ. ಆ ಪ್ರೀತಿಯೇ ಅವಳನ್ನು ಕೊಲ್ಲುವುದರಲ್ಲಿತ್ತು.

ಅವತ್ತು ಪರೀಕ್ಷೆ ಆಗಲಿಲ್ಲ. ಮಂಚ ಕಂಡ ಕೂಡಲೇ ಕಿರುಚಿಕೊಂಡಳು, ಸೀರೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡಳು. ನಾನು ಗದರಿಸಿದೆ. ಆ ನರ್ಸಮ್ಮ ನನ್ನನ್ನೇ ತಡೆದರು. "ಬೈಬೇಡಿ ಮೇಡಂ. ಇವತ್ತು ಬೇಡ. ಇನ್ನೊಂದಿನ ಬರ್ಲಿ, ಬರೀ ಮಂಚದ ಮೇಲೆ ಕೂತು ಹೋಗ್ಲಿ" ಎಂದರು.

ಮನೆಗೆ ಬಂದ ಮೇಲೆ, ರಾತ್ರಿ ಮಲಗುವಾಗ, ಯಾಕೆ ಹಾಗೆ ಕಿರುಚಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅವ್ನು ಕೈ ಅದುಮ್ತಿದ್ದ ಕಣಕ್ಕ."

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಏನಾಯಿತು ಎಂದು ನಾವ್ಯಾರೂ ಅವಳನ್ನು ಕೇಳಿರಲಿಲ್ಲ. ಅವಳಿಗೆ ಹೇಳಲು ಬರುವುದಿಲ್ಲ ಎಂದುಕೊಂಡಿದ್ದೆವು. ಅವಳಿಗೆ ಹೇಳಲು ಬರುತ್ತಿತ್ತು. ನಮಗೆ ಕೇಳಲು ಬರುತ್ತಿರಲಿಲ್ಲ.

ಎರಡನೇ ಸಲ ಹೋದಾಗ ಮಂಚದ ಮೇಲೆ ಕೂತಳು. ಆ ಸಲಕರಣೆಯನ್ನು ಅವಳ ಕೈಗೇ ಕೊಟ್ಟರು, ತೆರೆದು ಮುಚ್ಚಿ ನೋಡಿದಳು. ಒಂದು ಕಾಗದದ ಮೇಲೆ ಚಿತ್ರ ಬರೆದು ಎಲ್ಲಿ, ಏನು ಮಾಡುತ್ತಾರೆ ಎಂದು ತೋರಿಸಿದರು. ಮನೆಯಲ್ಲಿ ನಾನು ಅದೇ ಚಿತ್ರವನ್ನು ದಿನಾ ತೋರಿಸಿದೆ. ಮೂರನೇ ಸಲ ಹೋದಾಗ ನರ್ಸಮ್ಮ ಹೇಳಿದರು: "ನಿಮ್ ಕೈ ಯಾರೂ ಹಿಡ್ಕೊಳ್ಳೋದಿಲ್ಲ. ಬೇಡ ಅನ್ನಿಸಿದ್ರೆ ಕೈ ಎತ್ತಿ, ನಾನು ನಿಲ್ಲಿಸಿಬಿಡ್ತೀನಿ." ಅವಳು ಒಂದು ಸಲ ಕೈ ಎತ್ತಿದಳು. ಅವರು ನಿಜವಾಗಿ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವಳೇ "ಹೂಂ, ನೋಡಿ" ಎಂದಳು. ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ ನನ್ನ ತಂಗಿ, ಬೇಡ ಎನ್ನುವ ಅವಕಾಶ ಸಿಕ್ಕಿದ ಮೇಲೆ ಹೇಳಿದ ಮೊದಲನೆಯ ಹೂಂ ಅದು.

ಬಿಳಿ ಮಚ್ಚೆ ಕಂಡಿತು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಚೂರು ತೆಗೆದು ನೋಡಿದರು. ಕ್ಯಾನ್ಸರು ಆಗಿರಲಿಲ್ಲ, ಆಗುವುದರಲ್ಲಿತ್ತು. ತಂತಿಯ ಸುರುಳಿಯಿಂದ ಕೆಟ್ಟ ಭಾಗವನ್ನಷ್ಟೇ ತೆಗೆದರು. ಸಂಜೆಗೆ ಮನೆಗೆ ಬಂದೆವು. ಈಗಲೂ ಹೇಳಿದ ಹೊತ್ತಿಗೆ ತೋರಿಸಿಕೊಂಡು ಬರುತ್ತೇವೆ. ಚೆನ್ನಾಗಿದ್ದಾಳೆ.

ನಿಮ್ಮ ಬೀದಿಯಲ್ಲೂ ಇಂಥ ಒಬ್ಬಳಿರಬಹುದು. ನಡುಮನೆಗೆ ಬಾರದವಳು, ಮದುವೆ ಮುಂಜಿಗೆ ಕರೆದುಕೊಂಡು ಹೋಗದವಳು. "ಅವಳಿಗೆ ಯಾವ ಗಂಡಸಿನ ಸಹವಾಸ?" ಎಂದು ನೀವು ಕೇಳಬಹುದು. ನಿಜವಾಗಿ ಯಾರ ಸಂಪರ್ಕವೂ ಇಲ್ಲದಿದ್ದರೆ ಅಪಾಯ ತೀರಾ ಕಡಿಮೆ, ಪರೀಕ್ಷೆ ಬೇಕೋ ಬೇಡವೋ ಎಂದು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಬಹುದು. ಆದರೆ ನಮಗೆ ಗೊತ್ತಿದೆ ಎಂದು ನಾವು ಹೇಗೆ ಹೇಳುವುದು? ಬಾಯಿ ಬಾರದವಳ ಮೇಲೆ, ಹೇಳಿದರೂ ಯಾರೂ ನಂಬದವಳ ಮೇಲೆ ಕೈ ಹಾಕುವುದು ಗಂಡಸಿಗೆ ಸುಲಭ. ವೈಕಲ್ಯ ಇರುವ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಇತರರಿಗಿಂತ ಹೆಚ್ಚು ಎಂಬುದು ಲೋಕದ ಎಲ್ಲೆಡೆ ಕಂಡ ಸತ್ಯ. ಪರೀಕ್ಷೆ ಮಾತ್ರ ಇತರರಿಗಿಂತ ಕಡಿಮೆ. ಅವಳನ್ನು ಮೆತ್ತಗೆ ಕೇಳಿ. ಹೇಳಿದ್ದನ್ನು ನಂಬಿ.

ಬಲವಂತ ಮಾತ್ರ ಬೇಡ. ನಾಲ್ಕು ಜನ ಹಿಡಿದು ಮಲಗಿಸಿ ಮಾಡುವುದು ಪರೀಕ್ಷೆಯಲ್ಲ, ಇನ್ನೊಂದು ಹಿಂಸೆ. ಜನ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಹೆಂಗಸೇ ನೋಡಲಿ ಎಂದು ಕೇಳಿ. ಅವಳು ನಂಬುವವರು ಪಕ್ಕದಲ್ಲಿರಲಿ. ಎರಡು ಸಲ, ಮೂರು ಸಲ ಹೋಗಬೇಕಾದರೆ ಹೋಗಿ. ಎಚ್‌ಪಿವಿ ಪರೀಕ್ಷೆಗಾದರೆ ಹತ್ತಿ ಸುತ್ತಿದ ಕಡ್ಡಿಯಿಂದ ಹೆಂಗಸು ತಾನೇ ಮಾದರಿ ತೆಗೆದುಕೊಡಬಹುದು, ಮಂಚ ಹತ್ತಬೇಕಾಗಿಲ್ಲ. ಆಸ್ಟ್ರೇಲಿಯಾ ದೇಶ 2022ರ ಜುಲೈಯಿಂದ ಈ ಅವಕಾಶವನ್ನು ಪರೀಕ್ಷೆಗೆ ಬರುವ ಎಲ್ಲ ಹೆಂಗಸರಿಗೂ ಕೊಟ್ಟಿದೆ. ನಮಗೂ ಬೇಕು ಎಂದು ನಮ್ಮ ಸಂಘಗಳು ಒತ್ತಾಯಿಸಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 25ನೇ ಕಲಮು ವೈಕಲ್ಯ ಇರುವವರ ಆರೋಗ್ಯದ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ, ಅದರಲ್ಲಿ ಹೆಂಗಸರ ಲೈಂಗಿಕ ಹಾಗೂ ಸಂತಾನ ಸಂಬಂಧದ ಆರೋಗ್ಯವೂ ಸೇರಿದೆ. 10ನೇ ಕಲಮಿನ ಪ್ರಕಾರ ಅವಳ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಪೋಷಕರು ಅವಳ ಬದಲಿಗೆ ಅಲ್ಲ, ಅವಳ ಜೊತೆ ಸೇರಿ ತೀರ್ಮಾನ ಮಾಡಬೇಕು ಎಂಬುದು ಆ ಕಾಯಿದೆಯ ಆಶಯ.

ಗರ್ಭಕೋಶದ ಮಾತು ಬಂತು, ಒಂದು ಎಚ್ಚರಿಕೆ ಹೇಳುತ್ತೇನೆ. 2015ರ ಸುಮಾರಿಗೆ ಕಲಬುರಗಿಯ ತಾಂಡಾಗಳಲ್ಲಿ ದೊಡ್ಡ ಸುದ್ದಿಯಾಯಿತು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಕ್ಯಾನ್ಸರು ಬರುತ್ತದೆ ಎಂದು ಹೆದರಿಸಿ ಗರ್ಭಕೋಶ ತೆಗೆದುಹಾಕಿದ್ದರು. ಇನ್ನೂ ಮೂವತ್ತೈದೂ ದಾಟದವರು ಅವರಲ್ಲಿ ಬಹಳ ಇದ್ದರು. ಬಿಳಿ ಸೆರಗಿಗೆ ಮಾತ್ರೆ ಇದೆ. ಬಿಳಿ ಮಚ್ಚೆಗೆ ಸಣ್ಣ ಚಿಕಿತ್ಸೆ ಇದೆ. ಚೂರು ತೆಗೆದು ಪರೀಕ್ಷೆ ಮಾಡದೆ, ಕಾಗದ ತೋರಿಸದೆ ಯಾರಾದರೂ ತೆಗೆಸಿಬಿಡಿ ಎಂದರೆ ಎದ್ದು ಬನ್ನಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಪರೀಕ್ಷೆಯ ತಿಳಿವಳಿಕೆ ಇದ್ದವಳನ್ನು ಹೆದರಿಸುವುದು ಕಷ್ಟ.

ಮನೆಯೊಳಗಿನ ಅಡ್ಡಿಗಳೂ ಉಂಟು. "ನಮ್ಮನೆಯವ್ರು ಬ್ಯಾಡ ಅಂತಾರೆ" ಎಂದು ಒಬ್ಬ ತಾಯಿ ಆಗಲೇ ಹೇಳಿದರು. ನಿಮ್ಮ ದೇಹದ ಪರೀಕ್ಷೆಗೆ ಕಾನೂನಿನಲ್ಲಿ ಗಂಡನ ಸಹಿ ಬೇಕಾಗಿಲ್ಲ. ಕಾಯಿಲೆ ಬಂತೆಂದು ಗೊತ್ತಾದಾಗ ನಡತೆಗೆ ಹೆಸರಿಡುವವರು, ತವರಿಗೆ ಅಟ್ಟುವವರು, ಇದ್ದ ಒಡವೆ ಕಿತ್ತುಕೊಂಡು ಇನ್ನೊಂದು ಮದುವೆಯ ಮಾತಾಡುವವರು ಇದ್ದಾರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಹೆಣ್ಣಿನ ಆರೋಗ್ಯಕ್ಕೆ ಅಪಾಯ ತರುವ ನಡವಳಿಕೆಯೂ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಕಾಯಿಲೆಯವಳಿಗೂ ಇದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕಿನ ಸಂರಕ್ಷಣಾಧಿಕಾರಿಗಳು, ಅಂಗನವಾಡಿಯ ಮೂಲಕವೇ ಅವರನ್ನು ಮುಟ್ಟಬಹುದು. 181ಕ್ಕೆ ಫೋನೂ ಮಾಡಬಹುದು. ಇನ್ನು ಹೊಡೆತ ತಿಂದವರಿಗೆ, ಬಲಾತ್ಕಾರ ಅನುಭವಿಸಿದವರಿಗೆ ಆ ಮಂಚ ಕಂಡರೆ ಮೈ ನಡುಗುವುದು ಸಹಜ. ನನ್ನ ತಂಗಿ ಕೈ ಎತ್ತಿದ ಹಾಗೆ ನೀವೂ ಕೈ ಎತ್ತಬಹುದು. ನಿಲ್ಲಿಸಿ ಎನ್ನುವುದು ತಪ್ಪಲ್ಲ.

ಮಕ್ಕಳ ವಿಷಯ. ಈ ವೈರಸ್ಸಿಗೆ ಲಸಿಕೆ ಇದೆ. 9ರಿಂದ 14 ವರ್ಷದೊಳಗೆ ಕೊಟ್ಟರೆ ಹೆಚ್ಚು ಫಲ. ಭಾರತದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ವೈಕಲ್ಯ ಇರುವ ಹುಡುಗಿಯರ ಹೆಸರನ್ನೂ ಬರೆಸಿ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ತಂದೆತಾಯಿಗೆ ಸರಿಯಾಗಿ ತಿಳಿಸದೆ, ಹಾಸ್ಟೆಲಿನ ವಾರ್ಡನ್ನರ ಸಹಿ ಹಾಕಿಸಿಕೊಂಡು ಹುಡುಗಿಯರಿಗೆ ಈ ಲಸಿಕೆ ಹಾಕಿದ್ದನ್ನು ಮಹಿಳಾ ಸಂಘಟನೆಗಳು ಪ್ರಶ್ನಿಸಿದವು, 2010ರಲ್ಲಿ ಆ ಕಾರ್ಯಕ್ರಮ ನಿಂತಿತು. ಲಸಿಕೆಯಿಂದಲೇ ಸಾವಾಯಿತು ಎಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಕೇಳದೆ ಹಾಕಿದ್ದು ತಪ್ಪು. ಆದ್ದರಿಂದ ಲಸಿಕೆಗೆ ಹೆದರಬೇಡಿ, ಕೇಳಿ ತಿಳಿಯುವ ಹಕ್ಕನ್ನು ಬಿಡಬೇಡಿ. ಲಸಿಕೆ ಹಾಕಿಸಿಕೊಂಡವರೂ ಮುಂದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಖರ್ಚಿನ ಚಿಂತೆ ನಿಮಗಿದೆ. ಕ್ಯಾನ್ಸರಿನ ಚಿಕಿತ್ಸೆಯೇ ಬೇಕಾದರೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಮಂಡ್ಯದಲ್ಲಿ ಮಿಮ್ಸ್ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಆದರೆ ಪರೀಕ್ಷೆಯಲ್ಲಿ ಹಿಡಿದರೆ ಅಷ್ಟು ದೂರ ಹೋಗಬೇಕಾಗಿಯೇ ಬರುವುದಿಲ್ಲ.

ಕೊನೆಗೆ, ಸಂಘ ಮಾಡಬೇಕಾದ ಕೆಲಸ. ಉಳಿತಾಯದ ಪುಸ್ತಕದಲ್ಲಿ ಇನ್ನೊಂದು ಹಾಳೆ ತೆರೆಯಿರಿ. ಮೂವತ್ತು ದಾಟಿದ ಪ್ರತಿಯೊಬ್ಬರ ಹೆಸರು, ಪರೀಕ್ಷೆಯಾದ ತಾರೀಖು, ಮುಂದಿನ ಪರೀಕ್ಷೆಯ ವರ್ಷ ಬರೆಯಿರಿ. ಫಲಿತಾಂಶ ಬರೆಯಬೇಡಿ, ಅದು ಅವಳ ಸ್ವಂತದ್ದು. ಹತ್ತು ಹತ್ತು ಜನ ಒಟ್ಟಿಗೆ ಹೋಗಿ. ಹತ್ತು ಜನ ಹೋದರೆ ಇವತ್ತು ಪರೀಕ್ಷೆ ಇಲ್ಲ, ನಾಳೆ ಬನ್ನಿ ಎನ್ನುವುದಕ್ಕೆ ಆಸ್ಪತ್ರೆಯವರಿಗೂ ಬಾಯಿ ಬರುವುದಿಲ್ಲ. ಮುಂದಿನ ಪರೀಕ್ಷೆಗೆ ಹೋಗಬೇಕಾದವಳಿಗೆ ಕೂಲಿ ತಪ್ಪಿದರೆ ಸಂಘ ಆ ದಿನದ ಕೈಸಾಲ ಕೊಡಲಿ. ಸಂಘದ ಸದಸ್ಯೆಯಲ್ಲದವಳ ಹೆಸರೂ ಆ ಹಾಳೆಯಲ್ಲಿರಲಿ: ಹಿಂದಿನ ಕೋಣೆಯಲ್ಲಿ ಕೂತವಳು, ಮಾತು ತೊದಲುವವಳು, ಉಳಿತಾಯ ಕಟ್ಟಲು ಬಾರದವಳು.

ನಾನು ಈ ಸಭೆಗೆ ಹೊರಡುವಾಗ ನನ್ನ ತಂಗಿ ಎಲ್ಲಿಗೆ ಎಂದು ಕೇಳಿದಳು. ಬಸರಾಳಿಗೆ, ಹೆಂಗಸರಿಗೆ ಪರೀಕ್ಷೆಯ ವಿಷಯ ಹೇಳೋದಕ್ಕೆ, ನಿನ್ನ ವಿಷಯವನ್ನೂ ಹೇಳಲಾ ಎಂದೆ. ಸ್ವಲ್ಪ ಯೋಚನೆ ಮಾಡಿ, "ಹೇಳು. ಕೈ ಎತ್ತುದ್ರೆ ನಿಲ್ಲುಸ್ತಾರೆ ಅಂತ ಹೇಳು" ಎಂದಳು.

ಅವಳು ಹೇಳಿದ್ದನ್ನು ನಿಮಗೆ ಮುಟ್ಟಿಸಿದ್ದೇನೆ.